ಖೋಪೋಲಿ ದಾರಿಯ ಹೋಟೆಲುಗಳು

ಹೋಟೆಲಿನವನಿಗೆ ಭಾನುವಾರವೆಂದರೆ ಎರಡು ಸೋಮವಾರಗಳನ್ನು ಒಟ್ಟಿಗೆ ಕಟ್ಟಿದಷ್ಟು ಕೆಲಸ. ಹಾಗಿರುವಾಗ ಸಾನಪಾಡಾ ಸ್ಟೇಷನ್ನಿನ ಎದುರು ಸಣ್ಣದೊಂದು ವೆಜ್ ಹೋಟೆಲು ಇಟ್ಟುಕೊಂಡಿದ್ದ ವಸಂತಕುಮಾರ ಭಾನುವಾರ ಮಧ್ಯಾಹ್ನವೇ ಡೊಂಬಿವಲಿಯ ಮನೆಗೆ ಬಂದನೆಂದರೆ ಏನೋ ಅನಾಹುತ ಆಗಿರಲೇಬೇಕು. ಅನಾಹುತ ದೊಡ್ಡದೇನಲ್ಲ. ಎಲ್ಲೋ ಪೈಪು ಒಡೆದು ನಲ್ಲಿಯಲ್ಲಿ ನೀರಿರಲಿಲ್ಲ, ಹೋಟೆಲಿಗೆ ರಜೆ ಸಿಕ್ಕಿತ್ತು. ನಿಜವಾದ ಗಲಾಟೆ ಮನೆಯೊಳಗೆ ನಡೆದಿತ್ತು. ಹೆಂಡತಿ ಲೋಲಾಕ್ಷಿಯೂ ಮಗಳು ತೃಪ್ತಿಯೂ ಒಬ್ಬರ ಮಾತು ಇನ್ನೊಬ್ಬರು ಕೇಳದೆ ಕೂಗಾಡುತ್ತಿದ್ದರು, ಒಬ್ಬಳು ತುಳುವಿನಲ್ಲಿ, ಇನ್ನೊಬ್ಬಳು ಮರಾಠಿಯಲ್ಲಿ.

ವಿಷಯ ಇಷ್ಟೆ. ತೃಪ್ತಿಗೆ ಡಿಸೆಂಬರ್ ಕೊನೆಯ ರಜೆಯಲ್ಲಿ ಸೈಕಲ್ ಹೊಡೆದುಕೊಂಡು ಊರಿಗೆ ಹೋಗಬೇಕು. ಊರೆಂದರೆ ಬೆಳ್ಮಣ್, ಇಲ್ಲಿಂದ ಸಮುದ್ರದ ಬದಿ ಹಿಡಿದು ಗೋವಾ ದಾಟಿ, ಕಾರವಾರ ದಾಟಿ, ಉಡುಪಿಯನ್ನೂ ದಾಟಿ ಮುಟ್ಟಬೇಕಾದದ್ದು. ಬೇಲಾಪುರದ ಆಫೀಸೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಹುಡುಗಿ ಅವಳು. ಸೈಕಲ್ ಹುಚ್ಚು ಹತ್ತಿ ಎರಡು ವರ್ಷವಾಗಿತ್ತು. ಜೊತೆಗೆ ಬರುತ್ತೇವೆಂದಿದ್ದ ಗೆಳತಿಯರಲ್ಲಿ ಒಬ್ಬಳು ಮದುವೆ ನಿಶ್ಚಯವಾಯಿತೆಂದು, ಇನ್ನೊಬ್ಬಳು ಬೆನ್ನುನೋವೆಂದು ಕೈಕೊಟ್ಟಿದ್ದರು. ಹಾಗಾದರೆ ಒಬ್ಬಳೇ ಹೋಗುತ್ತೇನೆ ಎಂದು ಮಗಳು ಹಟ ಹಿಡಿದಿದ್ದಳು.

"ಒಬ್ಬಳೇ! ಟಯರ್ ಒಡೆದ್ರೆ ಯಾರಿದ್ದಾರೆ? ಜ್ವರ ಬಂದ್ರೆ ಯಾರಿದ್ದಾರೆ? ಆ ದಾರಿಯಲ್ಲಿ ನಮಗೆ ಯಾರಿದ್ದಾರೆ ಹೇಳು!" ಎಂದು ಲೋಲಾಕ್ಷಿ ಸೌಟು ಹಿಡಿದೇ ಕೇಳಿದಳು.

"ಮೀ ಲಹಾನ್ ನಾಹೀ ಆತಾ ಮಮ್ಮೀ!" ನಾನೇನು ಇನ್ನೂ ಕೂಸಲ್ಲ ಎಂದು ತೃಪ್ತಿ.

"ನಾನು ಹೋಗ್ತೇನೆ ಇವಳೊಟ್ಟಿಗೆ," ಎಂದ ಬಾಗಿಲಲ್ಲಿ ನಿಂತಿದ್ದ ವಸಂತಕುಮಾರ.

ಅಷ್ಟು ಹೊತ್ತು ಜಗಳಾಡುತ್ತಿದ್ದ ತಾಯಿ ಮಗಳು ಒಂದಾಗಿ ನಕ್ಕರು ನೋಡಿ! ಲೋಲಾಕ್ಷಿಗಂತೂ ಕುರ್ಚಿ ಎಳೆದುಕೊಂಡು ಕೂರಬೇಕಾಯಿತು. "ಎಂತ, ಹೋಟೆಲಿನ ಗಲ್ಲೆಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗ್ತೀರಾ?"

ವಸಂತಕುಮಾರ ನಗಲಿಲ್ಲ. ಅವನಿಗೇ ಗೊತ್ತಿಲ್ಲದೆ ಬಾಯಿಂದ ಬಂದ ಮಾತು ಅದು, ಆದರೆ ಬಂದ ಮೇಲೆ ಇಷ್ಟು ವರ್ಷ ಅದು ಎದೆಯಲ್ಲೇ ಕುಳಿತಿತ್ತೆಂದು ತಿಳಿಯಿತು. ಮಗಳು ಹುಟ್ಟಿದಾಗಿನಿಂದ ಅವನು ಮನೆ ಬಿಡುವಾಗ ಅವಳು ನಿದ್ದೆಯಲ್ಲಿ, ಮನೆಗೆ ಬರುವಾಗಲೂ ನಿದ್ದೆಯಲ್ಲಿ. ಅವಳು ಎಷ್ಟನೇ ಕ್ಲಾಸೆಂದು ಯಾರಾದರೂ ಕೇಳಿದರೆ ಹೆಂಡತಿಗೆ ಫೋನು ಮಾಡಿ ಹೇಳುತ್ತಿದ್ದ. ಆ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಯಾರಾದರೂ ಇದ್ದರೆ ಅದು ಅವನೇ. ಇನ್ನು ಮದುವೆಯೋ, ಬೇರೆ ಊರಿನ ಕೆಲಸವೋ, ಒಂದಲ್ಲ ಒಂದು ನೆವದಲ್ಲಿ ಹಕ್ಕಿ ಹಾರಿಹೋಗುತ್ತದೆ. ಅದಕ್ಕೆ ಮೊದಲು ಒಂದಷ್ಟು ದಿನ, ಹಗಲು ಬೆಳಕಿನಲ್ಲಿ, ಅವಳ ಪಕ್ಕ ಇರಬೇಕು. ಬೇರೇನೂ ಬೇಡ.

"ತಮಾಷೆ ಅಲ್ಲ," ಎಂದ. "ನಾನೊಬ್ಬ ಜೊತೆಗಿದ್ರೆ ಕಳಿಸ್ತೀಯಾ ಇಲ್ಲವಾ?"

ಲೋಲಾಕ್ಷಿ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಹೊಟ್ಟೆಯನ್ನೂ ನೋಡಿದಳು. ವ್ಯವಹಾರಕ್ಕೆ ಕುಳಿತರೆ ಅವಳು ಯಾವ ಸೇಠಿಗೂ ಕಡಿಮೆಯಲ್ಲ. "ಒಂದು ಮಾತು. ಇವಳ ಫ್ರೆಂಡ್ಸೆಲ್ಲ ಹೋಗ್ತಾರಲ್ಲ, ನೂರು ಕಿಲೋಮೀಟರಿನ ರೈಡು, ಅದರಲ್ಲಿ ಒಂದು ಮಾಡಿ ತೋರಿಸಿ. ಸುಮ್ಮನೆ ಹೋಗುದಲ್ಲ, ಅವರು ಕೊಟ್ಟ ಟೈಮಿನೊಳಗೆ ಮುಗಿಸಬೇಕು. ಮುಗಿಸಿದ್ರೆ ಇಬ್ಬರೂ ಹೋಗಿ. ಇಲ್ಲದಿದ್ರೆ ಇಬ್ಬರೂ ಮನೆಯಲ್ಲಿರಿ, ಊರಿನ ಸುದ್ದಿ ಎತ್ತಬೇಡಿ."

ತೃಪ್ತಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಪ್ರವಾಸ ಈಗ ಈ ಮನುಷ್ಯನ ಮೊಣಕಾಲುಗಳ ಮೇಲೆ ನಿಂತಿತ್ತು.

ಮೊದಲು ಸೈಕಲ್ಲು ಬೇಕಲ್ಲ. ಥಾಣೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಏಸಿ, ಗೋಡೆಗೆಲ್ಲ ಸೈಕಲ್ಲು ನೇತುಹಾಕಿದ್ದಾರೆ. ವಸಂತಕುಮಾರ ಹೋಟೆಲಿಗೆ ಗ್ರೈಂಡರು ಕೊಳ್ಳುವವನ ಹಾಗೆ ಒಂದೊಂದನ್ನೇ ತಟ್ಟಿ, ಎತ್ತಿ, ಚಕ್ರ ತಿರುಗಿಸಿ ಸದ್ದು ಕೇಳಿದ. ಹ್ಯಾಂಡಲಿನ ಕೊಂಬು ಬಾಗಿದ ರೋಡ್ ಬೈಕಿನ ಮೇಲೆ ಕೂರಿಸಿದರು. ಬೆನ್ನು ಬಗ್ಗಿ, ಮೂಗು ಮುಂದಿನ ಚಕ್ರಕ್ಕೆ ತಾಗುವಷ್ಟಾಯಿತು.

"ಇದು ದಾರಿಯುದ್ದಕ್ಕೂ ನಮಸ್ಕಾರ ಮಾಡ್ಕೊಂಡು ಹೋಗುವವರಿಗೆ. ನನ್ನ ಹರಕೆ ಯಾವುದೂ ಬಾಕಿ ಇಲ್ಲ," ಎಂದು ಇಳಿದ.

ದಪ್ಪ ಟಯರಿನದ್ದು ತೋರಿಸಿದರು. ಅದು ಕಲ್ಲುಮಣ್ಣಿನ ದಾರಿಗೆ ಒಳ್ಳೆಯದು, ಡಾಂಬರಿನಲ್ಲಿ ದಿನವಿಡೀ ತುಳಿದರೆ ಪ್ರಾಣ ತಿನ್ನುತ್ತದೆ ಎಂದು ತೃಪ್ತಿಯೇ ಬೇಡವೆಂದಳು. ಕೊನೆಗೆ ಹೈಬ್ರಿಡ್ ಎಂಬ ನಡುವಿನ ಜಾತಿಯದ್ದು: ನೆಟ್ಟಗೆ ಕೂರಬಹುದು, ಟಯರು ತೆಳ್ಳಗೂ ಅಲ್ಲ ದಪ್ಪವೂ ಅಲ್ಲ, ಗಿಯರು ಬೇಕಾದಷ್ಟು. ಕೂತು ಅಂಗಡಿಯೊಳಗೇ ಒಂದು ಸುತ್ತು ಹೊಡೆದ. ಮೈಗೆ ಸರಿಹೋಯಿತು. ಆದರೆ ಇಳಿದು ಅತ್ತಿತ್ತ ಕಾಲಾಡಿಸಿ ಹುಡುಕಿದ.

"ಸ್ಟ್ಯಾಂಡ್ ಎಲ್ಲುಂಟು?"

"ಸ್ಟ್ಯಾಂಡ್ ನಹೀಂ ಆತಾ ಅಂಕಲ್, ವೇಯ್ಟ್ ಬಢತಾ ಹೈ," ಭಾರ ಹೆಚ್ಚುತ್ತದೆ, ಸ್ಟ್ಯಾಂಡ್ ಬರುವುದಿಲ್ಲ ಎಂದ ಅಂಗಡಿಯವನು.

"ವೇಯ್ಟಾ? ನನ್ನ ವೇಯ್ಟಿನ ಎದುರು ಸ್ಟ್ಯಾಂಡಿನದ್ದು ಎಂತ ಮಾರಾಯ! ಸ್ಟ್ಯಾಂಡ್ ಹಾಕು, ಗಂಟೆ ಹಾಕು, ಮಡ್‌ಗಾರ್ಡೂ ಹಾಕು."

ತೃಪ್ತಿ ಮುಖ ಅತ್ತ ತಿರುಗಿಸಿದಳು. ಆದರೂ ಅವನ ಎತ್ತರಕ್ಕೆ ಸೀಟು ಸರಿಮಾಡಿಸುವಾಗ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅವನ ಮೊಣಕಾಲು ಎಷ್ಟು ಮಡಚುತ್ತದೆಂದು ಕೈಯಲ್ಲಿ ಹಿಡಿದು ನೋಡಿದವಳೂ ಅವಳೇ. ಮಗಳು ತನ್ನ ಕಾಲು ಮುಟ್ಟಿ ಎಷ್ಟು ಕಾಲವಾಯಿತೋ ಎಂದುಕೊಂಡ ವಸಂತಕುಮಾರ. ಸೈಕಲ್ಲು ಕೊಂಡದ್ದು ಅಲ್ಲಿಗೇ ಸಾರ್ಥಕವಾದಂತೆ ಅನಿಸಿತು.

ಹೋಟೆಲಿನ ಎದುರು ಸೈಕಲ್ಲಿಗೆ ಹೂವೇರಿಸಿ, ಕುಂಕುಮ ಹಚ್ಚಿ, ಚಕ್ರದಡಿ ಲಿಂಬೆಹಣ್ಣು ಇಟ್ಟರು. ತುರ್ಭೆ ಮಾರ್ಕೆಟ್ಟಿನಿಂದ ತರಕಾರಿ ತಂದು ಹಾಕುವ ಕಲಬುರಗಿಯ ಅಂಬಾರಾಯ ಗಾಡಿ ನಿಲ್ಲಿಸಿ ಸುತ್ತು ಹಾಕಿ ನೋಡಿದ.

"ಚಂದ ಅದರಿ. ಆದ್ರ ಒಂದ್ ಗೋಣಿ ಇಡ್ಲಾಕ ಜಾಗಾ ಇಲ್ಲ. ಇದು ಬರೇ ಮನಷ್ಯಾನ್ನಷ್ಟೇ ಹೊರತದೇನ್ರಿ?"

"ಹೌದು ಮಾರಾಯ."

"ಹಂಗಾರ ಭಾಳ ಲಾಡಲಾ, ಮುದ್ದಿನ ಸೈಕಲ್ ಬಿಡ್ರಿ," ಎಂದು ಅಂಬಾರಾಯ ಸೀಟಿನ ಧೂಳು ಒರೆಸಿ ಹೋದ.

ಇನ್ನು ಯಾವ ರೈಡು ಎಂಬ ಪ್ರಶ್ನೆ. ಆ ದಿನಗಳಲ್ಲಿ ಥಾಣೆಯಿಂದ ನವಿ ಮುಂಬಯಿಯವರೆಗೆ ಸೈಕಲ್ ಗುಂಪುಗಳು ಅಣಬೆಯ ಹಾಗೆ ಎದ್ದಿದ್ದವು, ಪ್ರತಿ ಭಾನುವಾರ ಒಂದಲ್ಲ ಒಂದು ಕಡೆ ರೈಡು. ತೃಪ್ತಿ ಫೋನು ಹಿಡಿದು ಒಂದೊಂದೇ ಓದಿ ಹೇಳಿದಳು. ಒಂದು ಬರೀ ಜಾಲಿ ರೈಡು, ಟೀ ಶರ್ಟು ಕೊಡುತ್ತಾರೆ, ಆದರೆ ಮಮ್ಮಿಯ ಲೆಕ್ಕಕ್ಕೆ ಸಾಲದು. ಒಂದು ಯೇವೂರಿನ ಗುಡ್ಡ ಹತ್ತುವುದು, ಅದು ಬೇಡವೇ ಬೇಡ. ಅವಳಿಗೆ ಒಪ್ಪಿಗೆಯಾದದ್ದು ಪಾಮ್ ಬೀಚ್ ರಸ್ತೆಯಲ್ಲಿ ಸುತ್ತು ಹೊಡೆಯುವ ನೂರು ಕಿಲೋಮೀಟರಿನದ್ದು: ಅಂಗೈಯಂಥ ರಸ್ತೆ, ಸಮುದ್ರದ ಗಾಳಿ, ಕಣ್ಣುಮುಚ್ಚಿ ಮುಗಿಸಬಹುದು.

"ಇನ್ನೊಂದು ಕ್ಯಾ ಹೈ ನಾ, ಬೇಲಾಪುರ್ ಟು ಖೋಪೋಲಿ, ವಾಪಸ್ ಬೇಲಾಪುರ್. ಸಾತ್ ಘಂಟೇ. ವೋ ಛೋಡೋ, ಚಢಾವ್ ಹೈ," ಎಂದಳು, ಏಳು ಗಂಟೆಯೊಳಗೆ ಮುಗಿಸಬೇಕು, ಏರು ಬೇರೆ, ಅದು ಬೇಡವೆಂದು.

ವಸಂತಕುಮಾರನ ಕಣ್ಣರಳಿತು. "ಖೋಪೋಲಿಯಾ? ಹಳೇ ಪುಣೆ ರೋಡಿನಲ್ಲಾ? ಅಲ್ಲಿ ತುಂಬಾ ನಮ್ಮವರೇ ಇರುದಲ್ಲವಾ!"

ಬೇರೆಯವರು ಏರು ಎಷ್ಟು, ಇಳಿತ ಎಷ್ಟು, ಮರದ ನೆರಳುಂಟಾ ಎಂದು ನೋಡಿ ರೈಡು ಆರಿಸುತ್ತಾರೆ. ವಸಂತಕುಮಾರ ಹೋಟೆಲು ನೋಡಿ ಆರಿಸಿದ. ಪನ್ವೇಲಿನಲ್ಲಿ ದಮಯಂತಿಯ ಹೋಟೆಲು, ಚೌಕ್‌ನಲ್ಲಿ ಕಿನ್ನಿಗೋಳಿಯವರದ್ದು, ಖಾಲಾಪುರದ ಹತ್ತಿರ ಲೋಲಾಕ್ಷಿಯ ದೂರದ ಮಾವನದ್ದು, ಶೇಡುಂಗ್‌ನಲ್ಲಿ ಚನಿಯನದ್ದು. ನೀರು ಬೇಕೆಂದರೆ ನೀರುಂಟು, ನೆರಳು ಬೇಕೆಂದರೆ ನೆರಳುಂಟು, ಪಾಮ್ ಬೀಚಿನಲ್ಲಿ ಯಾರಿದ್ದಾರೆ, ಕೊಕ್ಕರೆಗಳು! ತೃಪ್ತಿ ಎಷ್ಟು ಹೇಳಿದರೂ ಕೇಳಲಿಲ್ಲ. ಹೆಸರು ಬರೆಸಿಯೇ ಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಒಬ್ಬರ ಹೋಟೆಲಿನ ಎದುರು ಹಾದುಹೋಗುವಾಗ ಮುಂಚೆ ಒಂದು ಮಾತು ತಿಳಿಸದೆ ಹೋಗುವುದುಂಟೇ? ನಾಳೆ ಮದುವೆ ಚಪ್ಪರದಲ್ಲಿ ಎದುರಾದರೆ ಮುಖ ಎಲ್ಲಿಡುವುದು? ಹಾಗೆಂದು ಮರ್ಯಾದೆಗೆ ನಾಲ್ವರಿಗೂ ಫೋನು ಮಾಡಿದ. "ಇಂಥಾ ಭಾನುವಾರ ನಾನೂ ಮಗಳೂ ಸೈಕಲ್ಲಲ್ಲಿ ಆ ದಾರಿಯಾಗಿ ಬರ್ತೇವೆ. ನಿಲ್ಲುದಿಲ್ಲ, ಸುಮ್ಮನೆ ಹೇಳಿದ್ದು." ನಿಲ್ಲುವುದಿಲ್ಲ ಎಂದು ಹೋಟೆಲಿನವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ರೈಡಿನ ದಿನದವರೆಗೆ ಅಪ್ಪ ಮಗಳು ಬೆಳಿಗ್ಗೆ ಡೊಂಬಿವಲಿಯಿಂದ ಶೀಲ್ ಫಾಟಾ ದಾರಿಯಾಗಿ ಸಾನಪಾಡಾದವರೆಗೆ ತುಳಿದು ಅಭ್ಯಾಸ ಮಾಡಿದರು. ಟ್ರಕ್ಕಿನ ಧೂಳು, ಹೊಂಡ, ಹಾರನ್ನು. ಮೊದಲ ದಿನ ಹೋಟೆಲು ಮುಟ್ಟಿದವನು ಗಲ್ಲೆಯ ಮೇಲೆ ತಲೆಯಿಟ್ಟು ಮಲಗಿಯೇಬಿಟ್ಟ. ಬರಬರುತ್ತಾ ಉಸಿರು ಹತೋಟಿಗೆ ಬಂತು. ಹಿಂದಿನಿಂದ ತೃಪ್ತಿ "ಪಪ್ಪಾ, ಗಿಯರ್ ಡೌನ್! ಪಪ್ಪಾ, ಲೆಫ್ಟ್ ಮೇಂ ಖಡ್ಡಾ!" ಎಂದು ಹೊಂಡ ತೋರಿಸಿ ಕೂಗುತ್ತಿದ್ದಳು. ಬೇರೆ ಮಾತಿಗೆ ಉಸಿರೆಲ್ಲಿ? ಆದರೆ ದಿನಕ್ಕೆ ಅಷ್ಟು ಸಲ ಅವಳ ಬಾಯಿಂದ ಪಪ್ಪಾ ಎಂಬ ಮಾತು ಅವನು ಕೇಳಿದ್ದೇ ಇರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಬೇಲಾಪುರದಲ್ಲಿ ಸಣ್ಣ ಚಳಿ. ರೈಡು ನಡೆಸುವ ಗುಂಪಿನ ರಿತೇಶ್ ಎಂಬ ಹುಡುಗ ಎಲ್ಲರನ್ನೂ ನಿಲ್ಲಿಸಿ ಹೇಳಿದ: ಇದು ರೇಸ್ ಅಲ್ಲ, ಹೆಲ್ಮೆಟ್ ತೆಗೆಯಬಾರದು, ಖೋಪೋಲಿಯಲ್ಲಿ ಹೆಸರು ಹೇಳಿ ತಿರುಗಬೇಕು, ಮಧ್ಯಾಹ್ನ ಒಂದಕ್ಕೆ ಗೇಟು ಮುಚ್ಚುತ್ತದೆ. ವಸಂತಕುಮಾರ ದೇವರನ್ನೂ ದೈವಗಳನ್ನೂ ನೆನೆದು ಪೆಡಲ್ ಒತ್ತಿದ.

ಪನ್ವೇಲಿನವರೆಗೆ ರಾಜವೈಭೋಗ. ಪನ್ವೇಲಿನ ತಿರುವಿನಲ್ಲಿ ನೋಡಿದರೆ ದಮಯಂತಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಡುವೆಯೇ ನಿಂತಿದ್ದಾಳೆ! ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೋಟೆಲು ನಡೆಸಿ ಇಬ್ಬರು ಮಕ್ಕಳನ್ನು ದಡ ಹತ್ತಿಸಿದ ಗಟ್ಟಿಗಿತ್ತಿ. ಅವಳನ್ನು ಬಳಸಿ ಹೋಗಲು ಲಾರಿಯವರಿಗೂ ಧೈರ್ಯವಿಲ್ಲ.

"ನೀವು ಬರ್ತೀರಂತ ಬನ್ಸ್ ಹಿಟ್ಟು ನಿನ್ನೆಯೇ ಕಲಸಿಟ್ಟದ್ದು. ಬನ್ನಿ ಬನ್ನಿ, ಎರಡೇ ನಿಮಿಷ!"

ಹೋಟೆಲಿನವರ ಲೋಕದಲ್ಲಿ ಒಂದು ಕಟ್ಟಳೆಯುಂಟು. ಗಿರಾಕಿ ತಿನ್ನದೆ ಹೋದರೆ ಅವನಿಗೆ ಹಸಿವಿಲ್ಲ ಎಂದರ್ಥ. ಹೋಟೆಲಿನವನು ಇನ್ನೊಬ್ಬ ಹೋಟೆಲಿನವನ ಬಾಗಿಲಿಗೆ ಬಂದು ತಿನ್ನದೆ ಹೋದರೆ, ನಿನ್ನ ಅಡುಗೆಮನೆ ನನಗೆ ಗೊತ್ತು ಮಾರಾಯ, ಬೇಡ ಎಂದರ್ಥ. ಆ ಮಾತು ವಾಶಿಯಿಂದ ಪುಣೆಯವರೆಗೆ ಹಬ್ಬಲು ಒಂದು ಹಗಲು ಸಾಕು. ವಸಂತಕುಮಾರ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಬನ್ಸ್ ಬಂತು, ಹಿಂದೆಯೇ ಗೋಳಿಬಜೆ, ಅದರ ಹಿಂದೆ ಚಹಾ. ತೃಪ್ತಿ ನಿಂತುಕೊಂಡೇ ಅರ್ಧ ತಿಂದಳು. ದಮಯಂತಿ ಅವಳನ್ನೂ ಕೂರಿಸಿದಳು.

ಚೌಕ್‌ನಲ್ಲಿ ಕಿನ್ನಿಗೋಳಿಯವರು ನೀರುದೋಸೆ ಹುಯ್ಯಿಸಿ ಕಾದಿದ್ದರು. ಖಾಲಾಪುರದ ಮಾವನಂತೂ ಎಲೆಯನ್ನೇ ಹಾಕಿಬಿಟ್ಟಿದ್ದರು, ಬೆಳಗಿನ ಹೊತ್ತಿಗೆ ಪಾಯಸ! "ಮಾವಾ, ಇದು ತಿಂದ್ರೆ ಗುಡ್ಡೆ ಹತ್ತಲಿಕ್ಕಾಗುದಿಲ್ಲ," ಎಂದರೆ, "ತಿನ್ನದೆ ಯಾರು ಮಗಾ ಗುಡ್ಡೆ ಹತ್ತಿದ್ದು?" ಎಂದು ಇನ್ನೊಂದು ಸೌಟು. ಅಲ್ಲಿಂದ ಖೋಪೋಲಿಯ ಏರು ಹತ್ತುವಾಗ ಪಾಯಸ ಗಂಟಲಿಗೂ ಹೊಟ್ಟೆಗೂ ನಡುವೆ ನಿಂತು ದಾರಿ ಕೇಳುತ್ತಿತ್ತು. ಎದುರು ಸಿಗುವ ಸೈಕಲ್ಲಿನವರೆಲ್ಲ ಆಗಲೇ ತಿರುಗಿ ಬರುತ್ತಿದ್ದರು. ಖೋಪೋಲಿಯಲ್ಲಿ ಹೆಸರು ಹೇಳಿದಾಗ ಇವರೇ ಕಡೆಯವರು.

ತೃಪ್ತಿ ಗಡಿಯಾರ ನೋಡಿದಳು. "ಆಗ್ತದೆ. ಇಳಿತ ಇದೆ. ಲೇಕಿನ್ ಪಪ್ಪಾ, ಅಬ್ ಕಹೀಂ ರುಕನಾ ನಹೀಂ. ಎಲ್ಲೂ ನಿಲ್ಲಬಾರದು. ಪ್ರಾಮಿಸ್?"

"ಪ್ರಾಮಿಸ್. ಬ್ರಹ್ಮ ಬಂದು ದೋಸೆ ಕೊಟ್ರೂ ನಿಲ್ಲುದಿಲ್ಲ."

ತುಳಿದ ನೋಡಿ ಆಮೇಲೆ! ಪಾಯಸವೆಲ್ಲ ಬೆವರಾಗಿ ಇಳಿಯಿತು. ಖಾಲಾಪುರದ ಮಾವ ರಸ್ತೆಬದಿಯಿಂದ ಕೈಬೀಸಿದರೆ ಇವನು ಗಂಟೆ ಬಾರಿಸಿ ಮುಂದೆ ಹೋದ. ಚೌಕ್ ದಾಟಿತು. ಬಿಸಿಲೇರಿದರೂ ಕಾಲು ನಿಲ್ಲಲಿಲ್ಲ. ಪಕ್ಕದಲ್ಲಿ ಮಗಳು, ಮುಂದೆ ಇಳಿತದ ರಸ್ತೆ. ಗೆದ್ದೆವು ಎಂದೇ ಅನಿಸಿತು ಅವನಿಗೆ. ಅಲಿಬಾಗಿನ ದಾರಿ, ಸಮುದ್ರದ ಖಾಡಿ ದಾಟಿಸುವ ದೋಣಿ, ಮಗಳ ಜೊತೆ ಬೆಳ್ಮಣ್ಣಿನ ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ಲಿನಿಂದ ಇಳಿದು ನಿಲ್ಲುವುದು, ಎಲ್ಲ ಕಣ್ಣಮುಂದೆ ಬಂತು.

ಶೇಡುಂಗ್‌ನಲ್ಲಿ ಚನಿಯನ ಹೋಟೆಲು. ಹೋಗುವಾಗ ಅದು ಡಿವೈಡರಿನ ಆಚೆಗಿದ್ದರಿಂದ ಪಾರಾಗಿದ್ದರು. ಈಗ ರಸ್ತೆಯ ಈಚೆಯೇ. ಚನಿಯನೆಂದರೆ ಬೇರೆ ಯಾರೂ ಅಲ್ಲ, ವಸಂತಕುಮಾರನ ಜೊತೆ ಒಂದೇ ಬಸ್ಸಿನಲ್ಲಿ ಊರು ಬಿಟ್ಟವನು, ಕಲ್ಯಾಣ್ ಸ್ಟೇಷನ್ನಿನ ಎದುರಿನ ಹೋಟೆಲೊಂದರಲ್ಲಿ ಅವನ ಜೊತೆ ಕಪ್ಪುಬಸಿ ತೊಳೆದವನು, ಒಂದೇ ಚಾದರದಡಿ ಮಲಗಿದವನು. ಆಮೇಲೆ ಒಬ್ಬೊಬ್ಬರ ಹೋಟೆಲು ಒಬ್ಬೊಬ್ಬರನ್ನು ನುಂಗಿ, ಭೇಟಿಯಾಗದೆ ವರ್ಷಗಳೇ ಆಗಿದ್ದವು.

ದೂರದಿಂದಲೇ ಕಂಡ. ಬಿಳಿ ಅಂಗಿ ಹಾಕಿ ರಸ್ತೆಬದಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾನೆ. ಸಕ್ಕರೆ ಕಾಯಿಲೆಗೆ ಕಾಲು ಊದಿ ದಿಂಬಿನಂತಾಗಿದೆ. ಕೈಯಲ್ಲಿ ಸ್ಟೀಲಿನ ಲೋಟ. ಬೆಳಿಗ್ಗೆಯಿಂದ ಅಲ್ಲಿಯೇ ಕೂತಿದ್ದನೆಂದು ನೋಡಿದವರಿಗೆ ತಿಳಿಯುತ್ತದೆ, ನೆರಳು ಅವನನ್ನು ಬಿಟ್ಟು ಗೋಡೆಯ ಹತ್ತಿರ ಹೋಗಿತ್ತು.

"ಚನಿಯಾ, ಇವತ್ತು ಟೈಮಿಲ್ಲ ಮಾರಾಯ! ಬರುವ ವಾರ ಬರ್ತೇನೆ!" ವಸಂತಕುಮಾರ ಕೂಗಿದ. ಕೂಗುತ್ತಲೇ ದಾಟಿದ.

ಚನಿಯ ರಸ್ತೆಗೆ ಅಡ್ಡ ಬರಲಿಲ್ಲ. ಎರಡೇ ನಿಮಿಷ ಎನ್ನಲಿಲ್ಲ. ನಗುತ್ತಾ ಕೈಯೆತ್ತಿ, "ಹೋಗು ಹೋಗು, ನಿನ್ನ ಟೈಮ್ ಹಾಳು ಮಾಡ್ಬೇಡ," ಎಂದ, ಅಷ್ಟೆ.

ಅಲ್ಲೇ ಕೆಟ್ಟಿತು. ಒತ್ತಾಯ ಮಾಡಿದ್ದರೆ ಸಿಟ್ಟು ಮಾಡಿಕೊಂಡಾದರೂ ಹೋಗಬಹುದಿತ್ತು. ಒತ್ತಾಯಿಸಿದವರ ಮನೆಯಲ್ಲೆಲ್ಲ ಉಂಡು, ಹೋಗು ಎಂದವನನ್ನು ಬಿಟ್ಟು ಹೋಗುವುದು ಹೇಗೆ? ಕಾಲು ತುಳಿಯುತ್ತಿತ್ತು, ಎದೆ ಹಿಂದಕ್ಕೆ ಎಳೆಯುತ್ತಿತ್ತು. ಬ್ರೇಕು ಹಾಕಿದ.

"ಪಪ್ಪಾ!" ತೃಪ್ತಿ ಮುಂದೆ ಹೋಗಿ ನಿಂತಳು. "ಕ್ಯಾ ಹುವಾ?"

"ನೀನು ಹೋಗು ಮಗಾ. ನೀನಾದ್ರೂ ಟೈಮಿಗೆ ಮುಟ್ಟು. ಅವನನ್ನು ಬಿಟ್ಟು ನನಗೆ ಆಗುದಿಲ್ಲ."

ಅವಳ ಮುಖ ಕೆಂಪಾಯಿತು, ಕಣ್ಣೂ ಕೂಡ. "ನಾನೊಬ್ಬಳು ಮುಟ್ಟಿ ಕಾಯ್ ಫಾಯ್ದಾ? ತುಮ್ಹಾಲಾ ಯಾಯಚಂಚ್ ನಾಹೀಯೇ ಮಾಝ್ಯಾಬರೋಬರ್!"

ನಿಮಗೆ ನನ್ನ ಜೊತೆ ಬರುವುದೇ ಬೇಕಿಲ್ಲ ಎಂದಳು. ಬೈದರೆ ತಡೆದುಕೊಳ್ಳಬಹುದು, ಈ ಮಾತನ್ನು ಹೇಗೆ ತಡೆದುಕೊಳ್ಳುವುದು? ಅವನು ಬಾಯಿ ತೆರೆಯುವುದರೊಳಗೆ ಅವಳು ಪೆಡಲ್ ತುಳಿದು ಹೋಗಿಯಾಗಿತ್ತು.

ವಸಂತಕುಮಾರ ಸೈಕಲ್ಲು ತಳ್ಳಿಕೊಂಡು ಹಿಂದೆ ಬಂದ. ಚನಿಯ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಇವನೇ ಬಗ್ಗಿ ತಬ್ಬಿಕೊಂಡ. ಇಬ್ಬರೂ ಮುದುಕರಾಗಿದ್ದೇವಲ್ಲ ಎಂದು ಇಬ್ಬರೂ ನಕ್ಕರು. ಒಳಗೆ ಕೂತು ಲೋಟದ ಮಜ್ಜಿಗೆ ಹಿಡಿದರೂ ವಸಂತಕುಮಾರನ ಕಣ್ಣು ಮಗಳು ಹೋದ ರಸ್ತೆಯ ಮೇಲೆಯೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ. ಇವನದು ಉಲ್ಟಾ ಸಂಕಟ, ಬಾಯಿಗೆ ಬಂದ ತುತ್ತುಗಳಿಂದಲೇ ಎಲ್ಲ ಕೆಟ್ಟದ್ದು.

ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ತೃಪ್ತಿ ಹೆಲ್ಮೆಟ್ ತೆಗೆಯುತ್ತಾ ಒಳಗೆ ಬಂದಳು. ಮುಖ ಇನ್ನೂ ಊದಿಕೊಂಡೇ ಇತ್ತು. ಅಪ್ಪನ ಪಕ್ಕ ಕುರ್ಚಿ ಎಳೆದು ಕೂತು, "ಅಕೇಲೀ ಜಾಕೆ ಕ್ಯಾ ಕರೂಂ," ಒಬ್ಬಳೇ ಹೋಗಿ ಏನು ಮಾಡಲಿ ಎಂದು ಮೇಜಿಗೆ ಹೇಳಿದಳು.

"ಇವಳಾ ಅದು?" ಚನಿಯ ಕಣ್ಣರಳಿಸಿ ನೋಡಿದ. "ಏ ಮಗಾ, ನೀನು ಹುಟ್ಟಿದ್ದಕ್ಕೆ ನನ್ನ ಕೆಲಸ ಹೋದದ್ದು, ಗೊತ್ತುಂಟಾ?"

"ಅದೆಲ್ಲ ಈಗ ಎಂತಕ್ಕೆ," ಎಂದ ವಸಂತಕುಮಾರ.

"ನೀನು ಸುಮ್ಮನಿರು ಮಾರಾಯ. ಕೇಳು ಮಗಾ. ನಾವು ಕಲ್ಯಾಣಿನಲ್ಲಿ ಇದ್ದೆವು. ಊರಿಂದ ತಂತಿ ಬಂತು, ಹೆಣ್ಣು ಮಗು ಅಂತ. ಇವ ಕೌಂಟರಿನಲ್ಲಿದ್ದ. ಅವತ್ತು ಬೆಳಿಗ್ಗೆ ಬಂದ ಗಿರಾಕಿಗೆಲ್ಲ ಬಿಟ್ಟಿ ಶೀರಾ! ನನಗೆ ಮಗಳು ಹುಟ್ಟಿದ್ದಾಳೆ, ತಿನ್ನಿ, ದುಡ್ಡು ಬೇಡ ಅಂತ. ಹಮಾಲಿಗಳು, ಟಿಕೆಟ್ ಬಾಬುಗಳು, ಎಲ್ಲರಿಗೂ. ಬಾಣಲೆ ಖಾಲಿಯಾಗುವಾಗ ಸೇಠ್ ಬಂದ. ಇವನನ್ನೂ ಓಡಿಸಿದ, ಸೌಟು ಹಾಕಿದ್ದಕ್ಕೆ ನನ್ನನ್ನೂ ಓಡಿಸಿದ. ಕೆಲಸ ಹುಡುಕ್ತಾ ಇಬ್ಬರೂ ಕಳವಾ ಸ್ಟೇಷನ್ನಿನವರೆಗೆ ನಡೆದದ್ದು. ನನಗೆ ಹೊಟ್ಟೆ ಉರೀತಿತ್ತು. ಇವನಿಗೆ ನಗು! ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳುದು, ನನಗೆ ಮಗಳು, ನನಗೆ ಮಗಳು ಅಂತ."

ತೃಪ್ತಿ ಅಪ್ಪನ ಕಡೆ ತಿರುಗಿದಳು. ಅವನು ಲೋಟದೊಳಗೆ ನೋಡುತ್ತಿದ್ದ.

"ಪಪ್ಪಾ, ಇದೆಲ್ಲ ನಂಗೆ ಯಾಕೆ ಹೇಳ್ಲಿಲ್ಲ ಕಭೀ?"

"ಯಾವಾಗ ಹೇಳುದು? ನಾನು ಬರುವಾಗ ನೀನು ಮಲಗಿರ್ತಿದ್ದಿ."

ಅವಳು ಚನಿಯನ ಕಡೆ ತಿರುಗಿ, "ಅಂಕಲ್, ಹಸಿವಾಗ್ತಿದೆ. ಎಂತ ಇದೆ?" ಎಂದು ಕೇಳಿದಳು. ಚನಿಯ ಅಡುಗೆಮನೆಗೆ ಕೂಗಿದ ಕೂಗು ಹೈವೇಗೆ ಕೇಳಿರಬೇಕು. ಊಟ ಬಂತು. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಇನ್ನೊಂದು ಕತೆ ಹೇಳಿಸಿಕೊಂಡಳು, ಮತ್ತೊಂದು ಹೇಳಿಸಿಕೊಂಡಳು. ಗಂಟೆ ಎಷ್ಟಾಯಿತೆಂದು ಅವಳೂ ನೋಡಲಿಲ್ಲ, ಅವನೂ ಕೇಳಲಿಲ್ಲ.

ಬೇಲಾಪುರ ಮುಟ್ಟುವಾಗ ಗೇಟು ಬಿಚ್ಚಿ ಟೆಂಪೋಗೆ ಹೇರುತ್ತಿದ್ದರು. ರಿತೇಶ್ ಪಾಪ, ಬ್ಯಾನರು ಮಡಚುವುದು ಬಿಟ್ಟು ಓಡಿ ಬಂದ. "ಅಂಕಲ್, ಟೈಮ್ ತೋ ಕಬ್ ಕಾ ಖತಮ್ ಹೋ ಗಯಾ," ಟೈಮು ಯಾವಾಗಲೋ ಮುಗಿಯಿತು ಎಂದು ಇಬ್ಬರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟ. ವಸಂತಕುಮಾರ ಅದನ್ನೂ ಬೇಡವೆನ್ನಲಿಲ್ಲ.

ಸೈಕಲ್ಲುಗಳನ್ನು ಹೋಟೆಲಿನಲ್ಲಿಟ್ಟು ಟ್ರೇನು ಹಿಡಿದು, ಥಾಣೆಯಲ್ಲಿ ಗಾಡಿ ಬದಲಾಯಿಸಿ ಮನೆಗೆ ಹೊರಟರು. ತೃಪ್ತಿ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ವಸಂತಕುಮಾರನಿಗೆ ನಿದ್ದೆಯಿಲ್ಲ. ನನ್ನದು ಹೋದರೆ ಹೋಗಲಿ, ಈ ಹುಡುಗಿಯ ಆಸೆಯನ್ನೂ ನಾನೇ ತಿಂದು ಮುಗಿಸಿದೆನಲ್ಲ ಎಂದು ಕಿಟಕಿಯಾಚೆ ನೋಡುತ್ತಾ ಕೂತ.

ಲೋಲಾಕ್ಷಿ ಬಾಗಿಲು ತೆರೆದಳು. ವಸಂತಕುಮಾರ ಚಪ್ಪಲಿ ಬಿಡುತ್ತಲೇ ತಪ್ಪೊಪ್ಪಿಕೊಂಡ. "ಸೋತೆ. ಟೈಮಿಗೆ ಮುಟ್ಟಲಿಲ್ಲ. ತಪ್ಪು ನನ್ನದೇ, ಇವಳದಲ್ಲ."

"ನನಗೆ ಗೊತ್ತುಂಟು," ಎಂದಳು ಲೋಲಾಕ್ಷಿ. "ಬೆಳಿಗ್ಗೆಯಿಂದ ನನ್ನ ಫೋನು ಕೆಳಗಿಟ್ಟಿದ್ರೆ ಕೇಳಿ. ದಮಯಂತಿ ಮಾಡಿದ್ಲು, ಮುಟ್ಟಿದ್ರು, ತಿಂದ್ರು, ಹೊರಟ್ರು ಅಂತ. ಚೌಕ್‌ನವರು ಮಾಡಿದ್ರು, ಹುಡುಗಿ ಸಪೂರ ಆಗಿದ್ದಾಳೆ, ಸರಿ ತಿನ್ನುದಿಲ್ಲ ಅಂತ. ಮಾವ ಎರಡು ಸಲ ಮಾಡಿದ್ರು, ಗಂಟೆ ಹೊಡೆದು ಓಡಿದ್ರು ಅಂತ ಸಿಟ್ಟು. ಚನಿಯಣ್ಣ ಅಂತೂ ಫೋನಿನಲ್ಲೇ ಅತ್ತುಬಿಟ್ರು." ಅವಳು ನೀರಿನ ಚೊಂಬು ಮುಂದಿಟ್ಟಳು. "ನಾನು ಒಂದು ಗಳಿಗೆಯೂ ಹೆದರಲಿಲ್ಲ ಇವತ್ತು. ಇವಳು ಎಲ್ಲಿದ್ದಾಳೆ, ಎಂತ ತಿಂದ್ಲು, ಎಲ್ಲ ಗೊತ್ತಾಗ್ತಿತ್ತು. ದಾರಿಯಲ್ಲಿ ಯಾರಿದ್ದಾರೆ ಅಂತ ನಾನು ಬಡಕೊಂಡದ್ದು. ಇದ್ದಾರಲ್ಲ ಮಾರಾಯ್ರೆ! ದಮಯಂತಿಯ ತಮ್ಮ ಮಹಾಡಿನಲ್ಲಿ, ಮಾವನ ಅಳಿಯ ರತ್ನಾಗಿರಿಯಲ್ಲಿ, ಕುಡಾಳದಲ್ಲಿ ಚನಿಯಣ್ಣನವರು ಯಾರೋ. ಹೋಗು ಮಗಾ ನೀನು. ಒಬ್ಬಳೇ ಹೋದ್ರೂ ನನಗೆ ಚಿಂತೆ ಇಲ್ಲ."

ತೃಪ್ತಿ ಕುಣಿಯುತ್ತಾಳೆಂದು ವಸಂತಕುಮಾರ ಕಾದ. ಅವಳು ಕುಣಿಯಲಿಲ್ಲ. "ಮತ್ತೆ ಪಪ್ಪಾ?"

"ಇವರು ಯಾಕೆ? ಇವರನ್ನು ಕರ್ಕೊಂಡು ಹೋದ್ರೆ ನೀನು ಒಂದೊಂದು ಹೋಟೆಲಿನಲ್ಲಿ ಒಂದೊಂದು ದಿನ ಕೂರಬೇಕು. ಬೆಳ್ಮಣ್ ಮುಟ್ಟುವಾಗ ಮಳೆಗಾಲ ಹಿಡೀತದೆ."

ವಸಂತಕುಮಾರ ನಕ್ಕ. ಮಾತು ಸರಿಯೇ ಇತ್ತಲ್ಲ. ಮಗಳಿಗೆ ಬೇಕಾದದ್ದು ಸಿಕ್ಕಿತು, ಅಪ್ಪನಾದವನಿಗೆ ಇನ್ನೇನು ಬೇಕು? ಎಂದುಕೊಂಡರೂ ಒಳಗೆ ಏನೋ ಕಳಚಿ ಬಿದ್ದ ಹಾಗಾಗಿ ನೋಯಿತು, ಸುಳ್ಳೇಕೆ ಹೇಳುವುದು. "ಅವಳು ಹೇಳುದು ಸರಿ ಮಗಾ. ನೀನು ಹೋಗಿ ಬಾ. ನಾನಿದ್ರೆ ನಿನಗೆ ಲೇಟು," ಎಂದು ಮುಖ ತೊಳೆಯಲು ಎದ್ದ.

ತೃಪ್ತಿ ಅವನ ಅಂಗಿ ಹಿಡಿದು ಕೂರಿಸಿದಳು.

"ಬೇಗ ಮುಟ್ಟಲಿಕ್ಕಾದ್ರೆ ಟ್ರೇನ್ ಇತ್ತಲ್ಲ ಮಮ್ಮೀ. ನಾಳೆ ಆಫೀಸಿನಲ್ಲಿ ಡಬಲ್ ಛುಟ್ಟಿ ಕೇಳ್ತೇನೆ. ಕೊಡದಿದ್ರೆ ಎಲ್ಲಿವರೆಗೆ ಆಗ್ತದೋ ಅಲ್ಲಿವರೆಗೆ ಹೋಗಿ ಬಸ್ಸು ಹತ್ತುತ್ತೇವೆ. ಲೇಕಿನ್ ಪಪ್ಪಾ ಇಲ್ಲದೆ ನಾನು ಹೋಗುದಿಲ್ಲ. ನಂಗೆ ಪಪ್ಪನ ಜೊತೆಯೇ ಹೋಗ್ಬೇಕು."

ಲೋಲಾಕ್ಷಿ ಗಂಡನನ್ನು ನೋಡಿದಳು. ವಸಂತಕುಮಾರನಿಗೆ ಅಳು ಬಂತು. ಅವನು ಅದನ್ನು ಅಡಗಿಸಲು ಹೋಗಲಿಲ್ಲ, ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಎದುರೇ ಕೂತು ಅತ್ತ.